ಯಮನವ್ವನ ಹದಿನಾಲ್ಕು ದಿನ

ಕರೆಮಡ್ಡಿಯಲ್ಲಿ ಕರೋನಾ ಬಂದ ಮನೆಗಳಿಗೆಲ್ಲ ಯಮನವ್ವ ಹೋಗಿದ್ದಳು. ಇದು ಸುಳ್ಳಲ್ಲ. ಪಂಚಾಯ್ತಿಯ ರಿಜಿಸ್ಟರಿನಲ್ಲಿಯೇ ಇತ್ತು. ಮೂವತ್ತೊಂದು ಮನೆ, ಒಂದೊಂದರ ಮುಂದೆ ತಾರೀಖು, ತಾರೀಖಿನ ಮುಂದೆ ಅವಳ ಹೆಬ್ಬೆರಳ ಗುರುತು.

ಹೋದದ್ದು ಔಷಧ ಹೊಡೆಯಲಿಕ್ಕೆ. ಯಾರದಾದರೂ ಮನೆಯಲ್ಲಿ ಪಾಸಿಟಿವ್ ಬಂತೆಂದರೆ ಪಂಚಾಯ್ತಿಯಿಂದ ಅವಳಿಗೆ ಹೇಳಿಕಳಿಸುತ್ತಿದ್ದರು. ಹೊಲಕ್ಕೆ ಎಣ್ಣೆ ಹೊಡೆಯುವ ಹಳೆಯ ಪಂಪು, ತುಂಬಿದರೆ ಹದಿನಾರು ಲೀಟರ್. ಅದನ್ನು ಬೆನ್ನಿಗೆ ಕಟ್ಟಿಕೊಂಡು ಮನೆಯ ಮುಂದೆ, ಹಿಂದೆ, ಬಚ್ಚಲಿಗೆ, ಗೋಡೆಗೆ ಹೊಡೆಯಬೇಕು. ಪಂಪಿನ ಬುಡ ಸೋರುತ್ತಿತ್ತು. ಬ್ಲೀಚಿಂಗ್ ನೀರು ಸೀರೆಯೊಳಗೆ ಇಳಿದು ಸೊಂಟದ ಚರ್ಮ ಸುಲಿದಿತ್ತು. ಕೈಗವಸು ಕೊಟ್ಟಿದ್ದರು, ಫೋಟೋ ತೆಗೆದ ದಿನ. ಫೋಟೋ ಆದ ಮೇಲೆ ತೆಗೆಸಿ ಆಫೀಸಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಹೊಲಸಾಗುತ್ತವೆ ಎಂದು.

ಅವಳಿಗೆ ನಲವತ್ತಾರು ವರ್ಷ. ಹುಟ್ಟಿದ್ದು ಹುಕ್ಕೇರಿ ಕಡೆ, ಕೊಟ್ಟಿದ್ದು ಗೋಕಾಕ ಕಡೆಯ ಮಮದಾಪುರಕ್ಕೆ. ಗಂಡ ಸತ್ತ ಮೇಲೆ ಮಗಳು ಕಾಜಲ್‌ಳನ್ನು ಎತ್ತಿಕೊಂಡು ಕಲ್ಲೋಳಿ ದಾಟಿ ಈ ಕರೆಮಡ್ಡಿಗೆ ಬಂದಳು. ಊರು ಮೂಡಲಗಿ ತಾಲೂಕಿಗೆ ಸೇರಿದೆ. ಮಾದರ ಓಣಿಯಲ್ಲಿ ಒಂದು ಖೋಲಿ ಹಿಡಿದು ಹನ್ನೊಂದು ವರ್ಷದಿಂದ ಊರಿನ ಕಸ ಬಳಿಯುತ್ತಾಳೆ, ಗಟಾರ ಎತ್ತುತ್ತಾಳೆ, ಸತ್ತ ನಾಯಿ ಎಳೆಯುತ್ತಾಳೆ. ಕಾಜಲ್ ಈಗ ಪಿಯುಸಿ.

ಊರಿಗೆ ಜಡ್ಡು ಹೇಗೆ ಬಂತು ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಯಾರೂ ಹೇಳುತ್ತಿರಲಿಲ್ಲ.

ಪಂಚಾಯ್ತಿಯ ಅಧ್ಯಕ್ಷರು ದಾಕ್ಷಾಯಿಣಿ. ಆದರೆ ಊರು ಅಧ್ಯಕ್ಷರೇ ಎಂದು ಕರೆಯುವುದು ಅವಳ ಗಂಡ ಗುರುಲಿಂಗಪ್ಪನನ್ನು. ಅಧ್ಯಕ್ಷರ ಕುರ್ಚಿಯಲ್ಲಿ ಕೂಡುವವನೂ ಅವನೇ. ದಾಕ್ಷಾಯಿಣಿ ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ, ಕಾಗದ ಬಂದರೆ ಹಿಟ್ಟಿನ ಕೈ ಒರೆಸಿ ಸಹಿ ಮಾಡುತ್ತಾಳೆ. ಏಪ್ರಿಲ್ ಕೊನೆಯಲ್ಲಿ ಇವರ ಮಗ ಲಖನನ ನಿಶ್ಚಯ ಇತ್ತು. ಐವತ್ತು ಮಂದಿಗೆ ಮಾತ್ರ ಪರವಾನಗಿ. ಗುರುಲಿಂಗಪ್ಪ ಕಾಯಿದೆಯ ಮನುಷ್ಯ. ಪಂಕ್ತಿಗೆ ಸರಿಯಾಗಿ ಐವತ್ತೇ ಮಂದಿಯನ್ನು ಕೂಡಿಸಿದ. ಹದಿನಾಲ್ಕು ಪಂಕ್ತಿ ಎದ್ದವು. ಹೆಣ್ಣಿನ ಕಡೆಯವರು ಹುಕ್ಕೇರಿ ತಾಲೂಕಿನಿಂದ ಬಂದರು, ಅಡುಗೆಯವರು ಗೋಕಾಕದಿಂದ. ಎಂಜಲು ಪತ್ರಾವಳಿ ಎತ್ತಲಿಕ್ಕೆ ಯಮನವ್ವನನ್ನು ಕರೆಸಿದ್ದರು. ಅದು ಪಂಚಾಯ್ತಿಯ ಕೆಲಸವಲ್ಲ. ಆದರೆ ಗುರುಲಿಂಗಪ್ಪನ ಬಾಯಲ್ಲಿ ಕಾಯಕ ಎಂಬ ಮಾತು ಬಂತೆಂದರೆ ಪುಕ್ಕಟೆ ದುಡಿಯುವುದಿದೆ ಎಂದು ಅವಳಿಗೆ ತಿಳಿಯುತ್ತಿತ್ತು.

ಒಂದು ವಾರಕ್ಕೆ ಕೆಮ್ಮು ಶುರುವಾಯಿತು. ಮೇ ಹತ್ತರ ಹೊತ್ತಿಗೆ ಮೂವತ್ತೊಂದು ಮನೆ. ಮಾಲಿಂಗಪ್ಪನ ಹೆಂಡತಿ ಬೆಳಗಾವಿಯ ದವಾಖಾನೆಯ ಹೊರಗೆ ಟಂಟಂ ಗಾಡಿಯಲ್ಲೇ ಜೀವ ಬಿಟ್ಟಳು.

ಆಮೇಲೆ ಬೈದಾಟ ಎದ್ದಿತು. ಗುರುಲಿಂಗಪ್ಪನ ಮನೆಯವರು ಹುಕ್ಕೇರಿ ಕಡೆಯ ಬೀಗರು ತಂದರೆಂದರು. ಬೀಗರು ಫೋನಿನಲ್ಲಿ, ತಮ್ಮ ಊರಿನಲ್ಲಿ ಒಬ್ಬರಿಗೂ ನೆಗಡಿಯಿರಲಿಲ್ಲ, ಮೂಡಲಗಿ ಕಡೆಗೆ ಬಂದು ಹೋದ ಮೇಲೆಯೇ ಹತ್ತು ಮಂದಿ ಮಲಗಿದ್ದಾರೆ ಎಂದು ಒದರಿದರು. ಇಬ್ಬರೂ ಕೂಡಿ ಗೋಕಾಕದ ಅಡುಗೆಯವರ ಮೇಲೆ ಹಾಕಿದರು. ಅಡುಗೆಯವರು, ತಾವು ಬೇಯಿಸಿದ್ದರಲ್ಲಿ ಯಾವ ಹುಳವೂ ಉಳಿಯುವುದಿಲ್ಲ, ಬೇಕಾದರೆ ಉಳಿದ ಬುಂದಿಯನ್ನು ಲ್ಯಾಬಿಗೆ ಕಳಿಸಿ ಎಂದರು. ಮೂರು ತಾಲೂಕಿನ ವಾಟ್ಸಪ್ಪು ತುಂಬಿ ಹೋಯಿತು. ನಡುವೆ ಯಾರೋ ಚುನಾವಣೆಯ ಸಭೆಯ ಮಾತು ತೆಗೆದರು. ಸಭೆಗೆ ಟ್ರ್ಯಾಕ್ಟರು ಹತ್ತಿ ಹೋಗಿಬಂದವರಲ್ಲಿ ಎಲ್ಲರೂ ಇದ್ದುದರಿಂದ ಆ ಮಾತು ಅಲ್ಲಿಗೇ ನಿಂತಿತು. ನಿಶ್ಚಯ ಮುರಿಯುವ ಹಂತಕ್ಕೆ ಬಂತು.

ಪಂಚಾಯ್ತಿ ಮುಂದಿನ ಬೇವಿನ ಮರದ ಕೆಳಗೆ ಸಭೆ ಸೇರಿದ್ದು ಅದಕ್ಕೇ. ಬೀಗರೂ ಕಾರಿನಲ್ಲಿ ಬಂದಿದ್ದರು. ಆರು ಅಡಿಗೊಂದು ಕುರ್ಚಿ ಹಾಕಿದ್ದರು. ಕುಳಿತ ಮೇಲೆ ಮಾತು ಕೇಳಿಸದೆ ಎಲ್ಲರೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಯಮನವ್ವ ಗಟಾರದ ಬದಿಗೆ ನಿಂತಿದ್ದಳು. ಸಭೆ ಮುಗಿದ ಮೇಲೆ ಔಷಧ ಹೊಡೆಯಬೇಕಿತ್ತು.

ಒಂದು ತಾಸು ಜಗಳವಾಯಿತು. ಆಗ ಗುರುಲಿಂಗಪ್ಪ ಮೇಜಿನ ಮೇಲಿದ್ದ ರಿಜಿಸ್ಟರು ಎತ್ತಿಕೊಂಡ. ಹಾಳೆ ತಿರುವಿದ. ಮತ್ತೊಮ್ಮೆ ತಿರುವಿದ. ಮುಖ ಅರಳಿತು.

"ಮೂವತ್ತೊಂದು ಮನ್ಯಾಗ ಜಡ್ಡು" ಎಂದ. "ಮೂವತ್ತೊಂದು ಮನಿಗೂ ಹೋದಾಕಿ ಒಬ್ಬಾಕಿ. ರಿಜಿಸ್ಟರ್ ಸುಳ್ಳ ಹೇಳ್ತೈತೇನು?"

ಎಲ್ಲರೂ ಗಟಾರದ ಕಡೆ ತಿರುಗಿದರು. ಯಮನವ್ವನೂ ಹಿಂದೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಜಡ್ಡು ಬಂದ ಮ್ಯಾಲ ಹೋಗೇನ್ರಿ ಸಾವ್ಕಾರ್ರ. ನೀವ ಕಳಿಸೀರಿ."

"ಹೋಗಿದ್ದಿಲ್ಲೋ?"

"ಹೋಗಿದ್ನಿರಿ."

"ಆತಲ್ಲ ಮತ್ತ."

ಪಿಡಿಓ ಕಾಶಿನಾಥ ಅಲ್ಲಿಯೇ ಕುಳಿತಿದ್ದ. ಆ ರಿಜಿಸ್ಟರು ಬರೆದವನು ಅವನೇ. ಒಂದು ಕಾಲಮಿನಲ್ಲಿ ಜಡ್ಡು ಬಂದ ತಾರೀಖು, ಪಕ್ಕದ ಕಾಲಮಿನಲ್ಲಿ ಔಷಧ ಹೊಡೆದ ತಾರೀಖು. ಯಾವುದು ಮೊದಲು, ಯಾವುದು ನಂತರ ಎಂದು ಅವನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

ಹುಕ್ಕೇರಿಯ ಬೀಗರಿಗೆ ಈ ಮಾತು ಹಿಡಿಸಿತು. ಅಡುಗೆಯವರಿಗೂ ಹಿಡಿಸಿತು. ಅವಳು ಎಲ್ಲಿಯವಳು ಎಂದು ಯಾರೋ ಕೇಳಿದರು. ಹುಟ್ಟಿದ್ದು ಹುಕ್ಕೇರಿ, ಕೊಟ್ಟಿದ್ದು ಗೋಕಾಕ, ಇರುವುದು ಮೂಡಲಗಿ ಎಂದು ತಿಳಿದಾಗ ಸಭೆಗೆ ಇನ್ನೂ ಸಮಾಧಾನವಾಯಿತು. ಯಾವ ತಾಲೂಕಿಗೂ ಹೆಚ್ಚು ಕಡಿಮೆ ಆಗಲಿಲ್ಲ. ಇಷ್ಟು ದಿನ ಒಂದೇ ಮಾತಿಗೆ ಬಾರದವರು ಐದು ನಿಮಿಷಕ್ಕೆ ಬಂದರು. ಮಾಲಿಂಗಪ್ಪನ ಹೆಂಡತಿ ಹೋಗಿ ನಾಲ್ಕು ದಿನವಾಗಿತ್ತು. ಅವನು ಯಮನವ್ವನನ್ನೇ ನೋಡುತ್ತ ಕುಳಿತಿದ್ದ.

ದವಾಖಾನೆಯ ಸಿಸ್ಟರ್ ಬಂದು ಅವಳ ಮೂಗಿನಲ್ಲಿ ಕಡ್ಡಿ ಹಾಕಿದಳು. ನೆಗೆಟಿವ್ ಬಂತು. ಗುರುಲಿಂಗಪ್ಪ ಅದಕ್ಕೂ ತಯಾರಿದ್ದ. ನೆಗೆಟಿವ್ ಅಂದರೆ ಇನ್ನೂ ಖರಾಬು ಎಂದು ಊರಿಗೆ ತಿಳಿಸಿಕೊಟ್ಟ. ಜಡ್ಡು ಇವಳ ಮೈಯಲ್ಲಿ ನಿಲ್ಲುವುದಿಲ್ಲ, ಬಂದದ್ದು ಬಂದ ಹಾಗೆ ಮಂದಿಗೆ ಹೋಗಿಬಿಡುತ್ತದೆ. ನಿಂತಿದ್ದರಾದರೂ ಗೊತ್ತಾಗುತ್ತಿತ್ತು.

ಮರುದಿನ ಪಂಚಾಯ್ತಿಯ ನೀರು ಬಿಡುವ ದುಂಡಪ್ಪ ಆಟೋಕ್ಕೆ ಮೈಕು ಕಟ್ಟಿಕೊಂಡು ಓಣಿ ಓಣಿ ತಿರುಗಿದ. ಮಾದರ ಓಣಿಯ ಯಮನವ್ವನಿಂದ ಊರಿಗೆ ಕರೋನಾ ಹಬ್ಬಿದೆ, ಹದಿನಾಲ್ಕು ದಿನ ಅವಳನ್ನು ಸಾಲಿಯಲ್ಲಿ ಇಡಲಾಗುತ್ತದೆ, ಯಾರೂ ಮುಟ್ಟಬಾರದು ಎಂದು ಕೂಗಿದ. ಕೊನೆಯ ಮಾತು ಹೊಸದೇನಲ್ಲ. ಮೊದಲೂ ಯಾರೂ ಮುಟ್ಟುತ್ತಿರಲಿಲ್ಲ. ಈಗ ಮೈಕಿನಲ್ಲಿ ಹೇಳಿದರು, ಅಷ್ಟೇ.

ಮಾದರ ಓಣಿಯ ನಳ ಬಂದ್ ಆಯಿತು. ಕಾಜಲ್ ಕಿರಾಣಿ ಅಂಗಡಿಗೆ ಹೋದರೆ ಅಂಗಡಿಯವನು ದೂರದಿಂದಲೇ ಕೈ ಬೀಸಿ ಓಡಿಸಿದ.

ಸಾಲಿಯ ಮೂರನೇ ತರಗತಿಯ ಖೋಲಿಯಲ್ಲಿ ಯಮನವ್ವನನ್ನು ಹಾಕಿ ಹೊರಗಿನಿಂದ ಕೀಲಿ ಜಡಿದರು. ಒಂದು ಚಾಪೆ, ಒಂದು ಕೊಡ. ಗೋಡೆಯ ಮೇಲೆ ಹಣ್ಣುಗಳ ಚಿತ್ರ. ಎರಡು ದಿನ ಅವಳು ಸಿಟ್ಟು ಹಿಡಿದು ಕುಳಿತಳು. ಸಂಜೆ ಕಾಜಲ್ ಕಿಟಕಿಯಲ್ಲಿ ರೊಟ್ಟಿ ಕೊಟ್ಟು, ಬಾಗಿಲಿಗೆ ಅಂಟಿಸಿದ್ದ ಆದೇಶ ಓದಿ ಹೇಳಿದಳು. ಸದರಿ ಯಮನವ್ವ ಇವರು ಹದಿನಾಲ್ಕು ದಿನಗಳವರೆಗೆ ಕೊಠಡಿಯಿಂದ ಹೊರಬರತಕ್ಕದ್ದಲ್ಲ. ಕೆಳಗೆ ಪಂಚಾಯ್ತಿಯ ದುಂಡು ಶಿಕ್ಕೆ, ದಾಕ್ಷಾಯಿಣಿಯ ಸಹಿ.

ಎರಡನೇ ದಿನ ಸಂಜೆ ಅಡ್ಡಮಳೆ ಹೊಡೆಯಿತು. ಗಟಾರಗಳು ಕಟ್ಟಿಕೊಂಡು ಹೊಲಸು ರಸ್ತೆಗೆ ಬಂತು. ಗುರುಲಿಂಗಪ್ಪನ ಮನೆಯ ಮುಂದೆ ಒಂದು ಹಂದಿ ಸತ್ತು ಉಬ್ಬಿತು. ಮೂರನೇ ದಿನ ಬೆಳಿಗ್ಗೆ ಕಾಶಿನಾಥ ಇನ್ನೊಂದು ಕಾಗದ ತಂದು ಮೊದಲಿನದರ ಪಕ್ಕಕ್ಕೆ ಅಂಟಿಸಿದ. ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ ಸದರಿ ಯಮನವ್ವ ಇವರು ಪ್ರತಿದಿನ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಸ್ವಚ್ಛತಾ ಕೆಲಸ ಮಾಡತಕ್ಕದ್ದು. ಇದಕ್ಕೂ ಅದೇ ಶಿಕ್ಕೆ, ಅದೇ ಸಹಿ.

"ಆರರಿಂದ ಹನ್ನೊಂದರ ತನಕ ನನ್ನ ಜಡ್ಡು ಎಲ್ಲಿ ಹೋಗಿರತೈತ್ರಿ ಸಾಹೇಬ್ರ?" ಎಂದು ಅವಳು ಕೇಳಿದಳು.

ಕಾಶಿನಾಥ ನೆಲ ನೋಡಿ, ಮೇಲಿನವರ ತೀರ್ಮಾನ ಎಂದ. ಮೇಲಿನವರು ಅಂದರೆ ಮೂರು ಮನೆ ಆಚೆಗಿನ ಗುರುಲಿಂಗಪ್ಪ.

ಮೂರು ದಿನ ಹೋದಳು. ಹೊಟ್ಟೆಗೆ ಹೆದರಿ ಹೋದಳು. ಈ ಕೆಲಸ ಹೋದರೆ ಕಾಜಲ್‌ಳ ಸಾಲಿ ಹೋಗುತ್ತದೆ. ದುಂಡಪ್ಪ ಮೂವತ್ತು ಹೆಜ್ಜೆ ಮುಂದೆ ಸೀಟಿ ಊದುತ್ತ ನಡೆಯುತ್ತಿದ್ದ. ಸೀಟಿ ಕೇಳಿದರೆ ಮಂದಿ ಮಾಳಿಗೆ ಹತ್ತಬೇಕು. ಅವಳು ಸಲಾಕೆಯಿಂದ ಗಟಾರ ಕೆದರಿ, ಮೊಳಕೈವರೆಗೆ ಕೈ ಹಾಕಿ, ಕಪ್ಪು ರಾಡಿ ಎತ್ತಿ ಬುಟ್ಟಿ ತುಂಬುತ್ತಿದ್ದಳು. ಬುಟ್ಟಿಯ ಹೊಲಸು ಕುತ್ತಿಗೆಗೆ ಇಳಿಯುತ್ತಿತ್ತು. ಮಾಳಿಗೆ ಮೇಲಿನಿಂದ ಹೆಂಗಸರು, ಅಲ್ಲಿ ಉಳಿಯಿತು, ಇಲ್ಲಿ ಉಳಿಯಿತು ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ಹಂದಿಯನ್ನು ಕಾಲಿಗೆ ಹಗ್ಗ ಕಟ್ಟಿ ಹಳ್ಳದವರೆಗೆ ಎಳೆದಳು. ನೀರು ಕೇಳಿದರೆ ಮೇಲಿನಿಂದ ಸುರಿದರು. ಬೊಗಸೆಗೆ ಅರ್ಧ, ಮುಖಕ್ಕೆ ಅರ್ಧ. ಹನ್ನೊಂದಕ್ಕೆ ದುಂಡಪ್ಪ ಗಡಿಯಾರ ನೋಡಿ, ಬೇಗ ನಡೆ, ಟೈಮು ಆಯಿತು ಎಂದು ಅವಸರ ಮಾಡುತ್ತಿದ್ದ. ಹನ್ನೊಂದರ ಮೇಲೆ ಅವಳಿಂದ ಜಡ್ಡು ಹಬ್ಬುತ್ತದೆ ಎಂದು ಅವನು ನಿಜಕ್ಕೂ ನಂಬಿದ್ದ.

ಆರನೇ ದಿನ ಗುರುಲಿಂಗಪ್ಪ ತಾನೇ ಬಂದ. ಮುಖಕ್ಕೆ ಎರಡು ಮಾಸ್ಕು. ಮನೆಯಲ್ಲಿ ದಾಕ್ಷಾಯಿಣಿ ಜ್ವರ ಬಂದು ಮಲಗಿದ್ದಳು, ಸಂಡಾಸದ ಪೈಪು ಕಟ್ಟಿಕೊಂಡು ಹೊಲಸು ಪಡಸಾಲೆಗೆ ಬರುತ್ತಿತ್ತು. ಹಿತ್ತಲ ಬಾಗಿಲಿನಿಂದ ಬಂದು ಕೈ ಹಾಕಿ ತೆಗೆದು ಹೋಗಬೇಕು ಎಂದ. ಕಾಯಕ ಬಿಡಬಾರದು ಎಂದೂ ಸೇರಿಸಿದ. ದುಂಡಪ್ಪ ಕೀಲಿ ತೆಗೆದು ಬಾಗಿಲು ದೂಡಿದ.

ಬಾಗಿಲು ತೆರೆಯಲಿಲ್ಲ.

ಒಳಗಿನಿಂದಲೂ ಒಂದು ಚಿಲಕವಿದೆ ಎಂಬುದು ಇಷ್ಟು ದಿನ ಯಾರ ತಲೆಗೂ ಹೊಳೆದಿರಲಿಲ್ಲ. ಯಮನವ್ವನಿಗೂ ಹೊಳೆದದ್ದು ಆಗಲೇ, ಕಾಯಕ ಎಂಬ ಮಾತು ಕಿವಿಗೆ ಬಿದ್ದಾಗ. ಕೈ ತಾನಾಗಿ ಹೋಗಿ ಚಿಲಕ ಹಾಕಿತ್ತು. ಹನ್ನೊಂದು ವರ್ಷದಲ್ಲಿ ಅವಳು ಯಾವ ಬಾಗಿಲನ್ನೂ ಯಾರ ಮುಖಕ್ಕೂ ಹಾಕಿರಲಿಲ್ಲ.

"ಯಮನವ್ವಾ, ಬಾಗಲಾ ತಗಿ."

"ನಾ ಜಡ್ಡಿನಾಕಿ ಅದೇನ್ರಿ. ಹದಿನಾಕ ದಿನ ಹೊರಗ ಬರಬಾರ್ದಂತ ಬರದೈತಿ. ಬರಂಗಿಲ್ಲ."

"ಆರರಿಂದ ಹನ್ನೊಂದು ಅಂತನೂ ಬರದೈತಿ."

"ಎರಡ ಕಾಗದ ಅದಾವ್ರಿ. ನಾ ಮದಲಿನದ್ದ ಪಾಲಿಸ್ತೇನಿ."

ಗುರುಲಿಂಗಪ್ಪ ಬಾಗಿಲಿಗೆ ಒದ್ದ. ಸರಕಾರಿ ಬಾಗಿಲು, ಆದರೂ ಗಟ್ಟಿ ಇತ್ತು. ಕೆಲಸ ತೆಗೆಸುತ್ತೇನೆ ಎಂದ. ಒಳಗೆ ಅವಳು ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ಏಳಲಿಲ್ಲ.

ಆಮೇಲಿನ ಮೂರು ದಿನ ಕರೆಮಡ್ಡಿಯಲ್ಲಿ ನಡೆದದ್ದನ್ನು ಕಾಜಲ್ ಕಿಟಕಿಯಲ್ಲಿ ನಿಂತು ಹೇಳುತ್ತಿದ್ದಳು. ಗುರುಲಿಂಗಪ್ಪ ಕಲ್ಲೋಳಿಯಿಂದ, ಗೋಕಾಕದಿಂದ ಬೇರೆ ಕಸದವರನ್ನು ಕರೆಸಲು ನೋಡಿದ. ಯಾರೂ ಬರಲಿಲ್ಲ. ದುಂಡಪ್ಪ ಮೈಕಿನಲ್ಲಿ ಸಾರಿದ ದವಂಡಿಯನ್ನು ಯಾರೋ ಫೋನಿನಲ್ಲಿ ಹಿಡಿದು ಮೂರು ತಾಲೂಕಿಗೂ ಕಳಿಸಿದ್ದರು. ಆ ಊರಿನ ಗಟಾರ ಎತ್ತಿದರೆ ಜಡ್ಡು ತಂದವರು ನೀವೇ ಎನ್ನುತ್ತಾರೆ, ನಮಗೆ ಬೇಡ ಎಂದು ಎಲ್ಲರೂ ಫೋನು ಇಟ್ಟರು.

ಹೊಲಸು ಏರಿತು. ಮೊದಲು ಲಖನ ಉದ್ದ ಬಿದಿರು ತಂದು ಮನೆಯ ಮುಂದಿನ ರಾಡಿಯನ್ನು ಪಕ್ಕದ ಮನೆಯ ಕಡೆ ದೂಡಿದ. ಪಕ್ಕದವರು ಮುಂದಿನವರಿಗೆ ದೂಡಿದರು. ಅವರು ಅದರ ಮುಂದಿನವರಿಗೆ. ಓಣಿ ತುಂಬ ಬಿದಿರು ಹಿಡಿದ ಮಂದಿ. ಮಧ್ಯಾಹ್ನದ ಹೊತ್ತಿಗೆ ರಾಡಿ ಊರು ಸುತ್ತಿ ಗುರುಲಿಂಗಪ್ಪನ ಬಾಗಿಲಿಗೇ ಬಂದು ನಿಂತಿತು. ನಡುವೆ ಸೇರಿದ ಮನೆಗಳದ್ದೂ ಕೂಡಿ ನಾಲ್ಕು ಪಟ್ಟು ಆಗಿತ್ತು. ಎತ್ತಬೇಕು ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಯಾರದು ಎಂದು ಜಗಳ ಮಾತ್ರ ಜೋರಾಗಿ ನಡೆಯಿತು.

ಎಂಟನೇ ದಿನ ಕಾಶಿನಾಥ ಅವಳ ನೆಗೆಟಿವ್ ರಿಪೋರ್ಟು ಹಿಡಿದು ಕಿಟಕಿಗೆ ಬಂದ. ನೀನು ಶುದ್ಧ ಇದ್ದೀ, ಹೊರಗೆ ಬಾ ಎಂದ. ನೆಗೆಟಿವ್ ಅಂದರೆ ಇನ್ನೂ ಖರಾಬು ಎಂದು ಊರೆಲ್ಲ ಹೇಳಿದಿರಲ್ಲ ಎಂದು ಅವಳು ಕಿಟಕಿ ಮುಚ್ಚಿದಳು.

ಒಂಬತ್ತನೇ ದಿನ ಮಧ್ಯಾಹ್ನ ದಾಕ್ಷಾಯಿಣಿ ಬಂದಳು. ಒಬ್ಬಳೇ. ಜ್ವರ ಬಿಟ್ಟಿತ್ತು, ನಿಲ್ಲಲು ಶಕ್ತಿ ಇರಲಿಲ್ಲ. ಸಾಲಿಯ ಕಟ್ಟೆಯ ಮೇಲೆ ಕುಳಿತು ಸ್ವಲ್ಪ ಹೊತ್ತು ಏದುಸಿರು ಬಿಟ್ಟಳು. ಬಾಗಿಲಿಗೆ ಅಂಟಿಸಿದ ಎರಡೂ ಕಾಗದ ಓದಿದಳು. ತನ್ನ ಸಹಿ ಎಲ್ಲಿ ಬಿದ್ದಿದೆ ಎಂದು ಅವಳು ನೋಡಿದ್ದು ಅದೇ ಮೊದಲು.

"ಲಖನಗ ನಿಶ್ಚಯದ ಎರಡ ದಿನ ಮದ್ಲ ಜ್ವರ ಬಂದಿತ್ತವ್ವಾ" ಎಂದಳು ಕಿಟಕಿಯ ಕಡೆ ನೋಡದೆ. "ಬೀಗರಿಗೆ ಏನ್ ಹೇಳೂದಂತ, ಗುಳಗಿ ಕೊಟ್ಟು ಕುಂಡ್ರಿಸಿದ್ರು. ನನಗ ಗೊತ್ತಿತ್ತು."

ಒಳಗೆ ಯಮನವ್ವನ ಕೈ ಕಿಟಕಿಯ ಸರಳು ಹಿಡಿಯಿತು. ಏಳು ನೂರು ಪತ್ರಾವಳಿ ಎತ್ತಿದ ಕೈ. ಮಾಲಿಂಗಪ್ಪನ ಹೆಂಡತಿ ಅಂದು ಊಟದ ನಂತರ ಅವಳಿಗೆ ಒಂದು ಬುಂದಿ ಉಂಡಿ ಸೆರಗಿನಲ್ಲಿ ಹಾಕಿ ಹೋಗಿದ್ದಳು. ಆಕೆ ಈಗ ಇಲ್ಲ.

"ಇದನ್ನ ನನಗ ಹೇಳಿದ್ರ ಏನ್ ಬಂತ್ರಿ ಅವ್ವಾರ" ಎಂದಳು. "ನನ್ನ ಹೆಸರ ಮೈಕಿನ್ಯಾಗ ಒದರಿಸೀರಿ. ಇದನ್ನೂ ಮೈಕಿನ್ಯಾಗ ಹೇಳ್ರಿ."

ದಾಕ್ಷಾಯಿಣಿ ಎದ್ದು ಗೋಡೆ ಹಿಡಿಯುತ್ತ ಹೋದಳು.

ಹತ್ತನೇ ದಿನ ಬೆಳಿಗ್ಗೆ ಸಾಲಿಯ ಅಂಗಳದಲ್ಲಿ ಗದ್ದಲ ಕೇಳಿ ಯಮನವ್ವ ಕಿಟಕಿ ತೆರೆದಳು. ಶಾಮಿಯಾನ ಹಾಕಿದ್ದರು. ಮೇಜಿನ ಮೇಲೆ ಶಾಲು, ಹಾರ, ತೆಂಗಿನಕಾಯಿ. ಬ್ಯಾನರಿನಲ್ಲಿ ಏನೋ ಬರೆದಿತ್ತು. ಕರೋನಾ ಯೋಧೆ ಯಮನವ್ವನಿಗೆ ಸನ್ಮಾನ ಎಂದು ಕಿಟಕಿಯ ಹೊರಗೆ ನಿಂತ ಕಾಜಲ್ ಓದಿದಳು. ಗುರುಲಿಂಗಪ್ಪ ಆಟೋದ ಪಕ್ಕ ನಿಂತು ಮೈಕಿನಲ್ಲಿ ಮಾತಾಡುತ್ತಿದ್ದ. ಜಡ್ಡು ಯಾರಿಂದಲೂ ಬಂದದ್ದಲ್ಲ, ಗಾಳಿಯಿಂದ ಬಂದದ್ದು, ಯಮನವ್ವನ ಕಾಯಕ ದೊಡ್ಡದು, ಸನ್ಮಾನ ಮುಗಿದ ಕೂಡಲೇ ಅವಳು ಗಟಾರಕ್ಕೆ ಇಳಿಯುತ್ತಾಳೆ ಎಂದು ಹೇಳಿದ. ಹಾರವನ್ನು ಅವಳ ಕುತ್ತಿಗೆಗೆ ಹಾಕಲು ಬಿದಿರಿನ ತುದಿಗೆ ಕಟ್ಟಿ ಲಖನನ ಕೈಗೆ ಕೊಟ್ಟಿದ್ದರು. ಮಂದಿ ಸುತ್ತಲಿನ ಮಾಳಿಗೆಗಳ ಮೇಲೆ ನಿಂತಿದ್ದರು.

ಯಮನವ್ವ ಚಿಲಕ ತೆಗೆದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಲಖನ ಬಿದಿರು ಚಾಚಿದ. ಅವಳು ತಲೆ ತಗ್ಗಿಸಿ ಅದರ ಕೆಳಗೆ ಹಾದು ಸೀದಾ ಆಟೋದ ಕಡೆ ನಡೆದಳು. ಅವಳು ಹತ್ತಿರ ಬಂದಂತೆ ಗುರುಲಿಂಗಪ್ಪ ಆರು ಅಡಿ ಹಿಂದೆ ಸರಿದ. ಮೈಕು ಆಟೋದ ಸೀಟಿನ ಮೇಲೆ ಉಳಿಯಿತು. ಅವಳು ಎತ್ತಿಕೊಂಡಳು.

"ನನಗ ಓದಾಕ ಬರಂಗಿಲ್ಲ" ಎಂದಳು. ದನಿ ಊರ ತುಂಬ ಕೇಳಿತು. ಅವಳಿಗೇ ಹೆದರಿಕೆಯಾಯಿತು. "ಆದ್ರ ಯಾವ ಮನಿಗೆ ಯಾವತ್ತು ಹೋಗೇನಿ ಅನ್ನೂದು ನೆಪ್ಪೈತಿ. ಮದಲನೇ ಮನಿ ಗುರುಲಿಂಗಪ್ಪ ಸಾವ್ಕಾರ್ದು. ನಿಶ್ಚಯದ ಮರದಿನ. ಮಗನ ಖೋಲಿಗೆ ಹೊಡಿ, ಯಾರಿಗೂ ಹೇಳಬ್ಯಾಡ ಅಂದ್ರು. ಎರಡನೇದು ಅವರ ತಮ್ಮಂದು..."

ಗುರುಲಿಂಗಪ್ಪ ಆಟೋದ ಹಿಂದೆ ಓಡಿ ಬ್ಯಾಟರಿಯ ವೈರು ಕಿತ್ತ. ಮೈಕು ಸತ್ತಿತು. ಯಮನವ್ವ ಅದನ್ನು ಸೀಟಿನ ಮೇಲೆ ಇಟ್ಟು ಬರಿಬಾಯಿಂದಲೇ ಮುಂದುವರಿಸಿದಳು. ಮೂರನೇದು. ನಾಲ್ಕನೇದು. ಎಲ್ಲವೂ ನಿಶ್ಚಯದ ಊಟ ಮಾಡಿ ಹೋದವರ ಮನೆಗಳೇ. ಹತ್ತಕ್ಕೆ ಬಂದಾಗ ಸಾಲಿಯ ಎದುರಿನ ಮಾಳಿಗೆಯಿಂದ ಮಾಲಿಂಗಪ್ಪನ ದನಿ ಬಂತು.

"ನಮ್ಮ ಮನಿ ಎಷ್ಟನೇದವ್ವಾ?"

"ಹನ್ನೆರಡನೇದ್ರಿ ಕಾಕಾ."

"ಮದಲನೇದು ಖರೇನ ಅವರದ?"

ಅವಳು ಶಾಮಿಯಾನದಲ್ಲಿದ್ದ ಗುರುಲಿಂಗಪ್ಪನ ಮನೆಯವರ ಕಡೆಗೆ ಕೈ ಮಾಡಿ, ಅವರನ್ನೇ ಕೇಳ್ರಿ ಎಂದಳು. ಎಲ್ಲರ ಕಣ್ಣು ಶಾಮಿಯಾನದ ಕಡೆ ಹೋಯಿತು. ಗುರುಲಿಂಗಪ್ಪ ಬಾಯಿ ತೆರೆಯುವ ಮೊದಲೇ, ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದ ದಾಕ್ಷಾಯಿಣಿ ತಲೆ ಮೇಲೆ ಕೆಳಗೆ ಆಡಿಸಿದಳು. ಒಂದೇ ಸಲ. ಅಷ್ಟು ಸಾಕಾಯಿತು. ಮಾಲಿಂಗಪ್ಪ ಮಾಳಿಗೆಯ ಮೇಲೆ ಕುಸಿದು ಕುಳಿತ. ಉಳಿದವರು ಒಬ್ಬೊಬ್ಬರಾಗಿ ಕೆಳಗೆ ಇಳಿಯತೊಡಗಿದರು. ಯಾರೂ ಕಲ್ಲು ಎತ್ತಲಿಲ್ಲ. ಯಾರೂ ಯಮನವ್ವನ ಮುಖ ನೋಡಲಿಲ್ಲ. ತಪ್ಪಾಯಿತು ಎಂದೂ ಒಬ್ಬರೂ ಅನ್ನಲಿಲ್ಲ.

ಗುರುಲಿಂಗಪ್ಪನಿಗೆ ಮೊದಲು ನೆನಪಾದದ್ದು ಬಾಗಿಲ ಮುಂದಿನ ರಾಡಿ.

"ಸಾಕಾತಿಲ್ಲೋ?" ಎಂದ. "ಹೇಳೂದೆಲ್ಲಾ ಹೇಳಿದಿ. ಇನ್ನ ಗಟಾರಕ್ಕ ನಡಿ."

ಯಮನವ್ವ ಬೆರಳು ಮಡಿಸಿ ಎಣಿಸಿದಳು.

"ಇನ್ನೂ ನಾಕ ದಿನ ಅದಾವ್ರಿ" ಎಂದಳು. "ಸರಕಾರಿ ಶಿಕ್ಕೆ ಬಿದ್ದೈತಿ. ಮುರೀಬಾರ್ದು."

ಕಾಜಲ್‌ಳ ಕೈಯಿಂದ ರೊಟ್ಟಿಯ ಗಂಟು ಇಸಿದುಕೊಂಡು ಒಳಗೆ ಹೋದಳು. ಬಾಗಿಲು ಹಾಕಿ ಚಿಲಕ ಜಡಿದಳು. ನಾಲ್ಕು ದಿನದ ಮೇಲೆ ಕೆಲಸ ಇರುತ್ತದೋ ಇಲ್ಲವೋ, ಗುರುಲಿಂಗಪ್ಪ ಏನು ಮಾಡುತ್ತಾನೋ ಅವಳಿಗೆ ಗೊತ್ತಿರಲಿಲ್ಲ. ಹೊರಗೆ ಗಟಾರ ಯಾರದು ಎಂದು ಜಗಳ ಮತ್ತೆ ಶುರುವಾಗಿತ್ತು. ಅವಳು ರೊಟ್ಟಿ ತಿಂದಳು, ನೀರು ಕುಡಿದಳು, ಸುಲಿದ ಸೊಂಟಕ್ಕೆ ಒತ್ತದಂತೆ ಮಗ್ಗುಲಾಗಿ ಚಾಪೆಯ ಮೇಲೆ ಮಲಗಿದಳು.

ಹೊತ್ತು ನೆತ್ತಿಗೆ ಬರುವ ಮೊದಲು ಮಲಗಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಕಾಜಲ್‌ಳನ್ನು ಹೆತ್ತ ದಿನ ಇರಬೇಕು. ಯಾರೋ ಬಾಗಿಲು ಬಡಿದರು. ಯಮನವ್ವಾ ಎಂದರು, ಯಮನಕ್ಕಾ ಎಂದರು. ಆಗಲೇ ಅವಳ ಗೊರಕೆ ಶುರುವಾಗಿತ್ತು.